ಒಳಗೆ ಹೋಗಿ ಹೊರಗೆ ಬರುವ ಗಾಜು: ಜೂಮ್ ಲೆನ್ಸಿನ ಒಳಗಿನ ಲೆಕ್ಕ

(ಫೋಟೋಗ್ರಫಿ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಒಂದು ಸಾಧಾರಣ ಲೆನ್ಸ್ ಇಟ್ಟಿದ್ದೇನೆ. ಕ್ಯಾಮೆರಾ ಕೊಂಡಾಗ ಜೊತೆಗೇ ಬರುವ 18-55 ಮಿ.ಮೀ. ಕಿಟ್ ಲೆನ್ಸ್. ನಿಮ್ಮಲ್ಲಿ ಹಲವರ ಬಳಿ ಇಂಥದ್ದೊಂದು ಇದ್ದೇ ಇರುತ್ತದೆ. ಈಗ ಇದರ ಜೂಮ್ ರಿಂಗನ್ನು 18ರಿಂದ 55ರ ಕಡೆಗೆ ನಿಧಾನವಾಗಿ ತಿರುಗಿಸುತ್ತೇನೆ. ನೀವು ಮುಂದಿನ ಗಾಜನ್ನೇ ನೋಡುತ್ತಿರಿ. ಮೊದಲು ಒಳಗೆ ಹೋಯಿತು. ಈಗ ನಿಂತ ಹಾಗಿದೆ. ಈಗ ಮತ್ತೆ ಹೊರಗೆ ಬರುತ್ತಿದೆ.

ನಾನು ರಿಂಗ್ ತಿರುಗಿಸಿದ್ದು ಒಂದೇ ದಿಕ್ಕಿಗೆ. ಗಾಜು ಮಾತ್ರ ಹೋಗಿ ವಾಪಸ್ ಬಂತು. ಯಾಕೆ? ವರ್ಷಗಟ್ಟಲೆ ಈ ರಿಂಗ್ ತಿರುಗಿಸಿದ ಮೇಲೆ ಒಂದು ದಿನ ನನಗೆ ಈ ಪ್ರಶ್ನೆ ಬಂತು. ಉತ್ತರ ಹುಡುಕುತ್ತಾ ಹೋದಾಗ ಜೂಮ್ ಲೆನ್ಸಿನ ವಿನ್ಯಾಸವೇ ಬಿಚ್ಚಿಕೊಂಡಿತು. ಇವತ್ತು ನಿಮ್ಮನ್ನೂ ಅದೇ ದಾರಿಯಲ್ಲಿ ಕರೆದುಕೊಂಡು ಹೋಗಬೇಕು ಅಂತ ನನ್ನ ಆಸೆ.

ಲೆನ್ಸಿನ ಮೇಲೆ ಬರೆದ 18, 55 ಅನ್ನುವ ಅಂಕಿಗಳು ಫೋಕಲ್ ಲೆಂತ್. ಶಾಲೆಯಲ್ಲಿ ಸಂಗಮದೂರ ಅಂತ ಓದಿದ್ದೇವಲ್ಲ, ಅದೇ. ದೂರದ ವಸ್ತುವಿನ ಬಿಂಬ ಸೆನ್ಸರ್ ಮೇಲೆ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕದ ಮೇಲೆ, ಎಷ್ಟು ದೊಡ್ಡದಾಗಿ ಬೀಳುತ್ತದೆ ಅನ್ನುವುದು ಇದರ ಮೇಲೆ ನಿಂತಿದೆ. ಚಂದ್ರನನ್ನೇ ತೆಗೆದುಕೊಳ್ಳಿ. 50 ಮಿ.ಮೀ. ಲೆನ್ಸಿನಲ್ಲಿ ಪೂರ್ಣಚಂದ್ರನ ಬಿಂಬ ಅರ್ಧ ಮಿ.ಮೀ.ಗಿಂತ ಚೂರು ಕಡಿಮೆ. 200 ಮಿ.ಮೀ. ಲೆನ್ಸಿನಲ್ಲಿ ಅದರ ನಾಲ್ಕು ಪಟ್ಟು, ಸುಮಾರು 1.8 ಮಿ.ಮೀ.

ಒಂದೇ ಗಾಜಿನ ಫೋಕಲ್ ಲೆಂತ್ ಬದಲಾಗುವುದಿಲ್ಲ. ಅದರ ಉಬ್ಬು ಎಷ್ಟು, ಅದು ಯಾವ ಜಾತಿಯ ಗಾಜು ಅನ್ನುವುದರಲ್ಲೇ ಅದು ನಿಗದಿಯಾಗಿಬಿಟ್ಟಿರುತ್ತದೆ. ಗಾಜನ್ನು ಹಿಂಡಿ ದಪ್ಪ ಮಾಡಲು ಆಗುವುದಿಲ್ಲ. ಆದರೆ ಎರಡು ಗಾಜುಗಳನ್ನು ಒಂದರ ಹಿಂದೆ ಒಂದು ಇಟ್ಟರೆ ಹೊಸದೊಂದು ಸಾಧ್ಯತೆ ಹುಟ್ಟುತ್ತದೆ. ಜೋಡಿಯ ಒಟ್ಟು ಫೋಕಲ್ ಲೆಂತ್ ಅವುಗಳ ನಡುವಿನ ಅಂತರದ ಮೇಲೂ ನಿಂತಿರುತ್ತದೆ. ಅಂತರ ಬದಲಿಸಿದರೆ ಸಾಕು, ಫೋಕಲ್ ಲೆಂತ್ ಬದಲಾಗುತ್ತದೆ. ಎಲ್ಲ ಜೂಮ್ ಲೆನ್ಸುಗಳೂ ಈ ಒಂದು ಗುಣದ ಮೇಲೆ ನಿಂತಿವೆ.

ಲೆಕ್ಕ ಮಾಡಿಯೇ ನೋಡೋಣ. ಹೆದರಬೇಡಿ, ಕೂಡುವುದು ಕಳೆಯುವುದು ಅಷ್ಟೇ. ಮುಂದೆ ಒಂದು ನಿಮ್ನ ಮಸೂರ, ಅಂದರೆ ತಗ್ಗು ಗಾಜು. ಅದರ ಫೋಕಲ್ ಲೆಂತ್ ಮೈನಸ್ 50. ಹಿಂದೆ ಒಂದು ಪೀನ ಮಸೂರ, ಅಂದರೆ ಉಬ್ಬು ಗಾಜು. ಅದರದ್ದು 30. ಇವೆರಡರಿಂದ 35-70 ಮಿ.ಮೀ. ಜೂಮ್ ಮಾಡೋಣ.

35 ಬೇಕಾದರೆ ಎರಡರ ನಡುವೆ 22.9 ಮಿ.ಮೀ. ಅಂತರ ಇರಬೇಕು. 50 ಬೇಕಾದರೆ 10 ಮಿ.ಮೀ. 70 ಬೇಕಾದರೆ ಬರೀ 1.4 ಮಿ.ಮೀ. ಜೂಮ್ ಮಾಡಿದಂತೆ ಎರಡೂ ಹತ್ತಿರ ಬರುತ್ತವೆ. ಇಲ್ಲಿಯವರೆಗೆ ಸುಲಭ. ಆದರೆ ಬಿಂಬ ಸೆನ್ಸರ್ ಮೇಲೆಯೇ ಬೀಳಬೇಕಲ್ವಾ? ಸೆನ್ಸರ್ ಅಲ್ಲಾಡುವುದಿಲ್ಲ. ಹಾಗಾಗಿ ಹಿಂದಿನ ಗಾಜು ಸೆನ್ಸರಿನಿಂದ ಮೊದಲು 51 ಮಿ.ಮೀ., ಆಮೇಲೆ 60, ಕೊನೆಗೆ 72 ಮಿ.ಮೀ. ದೂರದಲ್ಲಿರಬೇಕು. ಅದು ಒಂದೇ ಸಮನೆ ಮುಂದೆ ಹೋಗುತ್ತದೆ. ಈಗ ಇದಕ್ಕೆ ನಡುವಿನ ಅಂತರ ಕೂಡಿಸಿ, ಮುಂದಿನ ಗಾಜು ಎಲ್ಲಿರಬೇಕು ನೋಡಿ. 35ರಲ್ಲಿ 73.9 ಮಿ.ಮೀ. 50ರಲ್ಲಿ 70. 70ರಲ್ಲಿ 73.4.

ಕಂಡಿತಾ? ಒಳಗೆ ಹೋಯಿತು, ಹೊರಗೆ ಬಂತು. ಮೇಜಿನ ಮೇಲಿನ ಲೆನ್ಸ್ ಮಾಡಿದ್ದೂ ಇದನ್ನೇ.

ಅಂಕಿ ಸರಿ, ಆದರೆ ಕಾರಣ ಏನು? ಇದಕ್ಕೆ ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ ಇದೆ. ಕತ್ತಲೆ ಕೋಣೆಯಲ್ಲಿ ಒಂದು ಮೇಣದ ಬತ್ತಿ ಹಚ್ಚಿ. ಭೂತಗನ್ನಡಿ ಹಿಡಿದು ಅದರ ಬಿಂಬವನ್ನು ಒಂದು ಹಾಳೆಯ ಮೇಲೆ ಬೀಳಿಸಿ. ಭೂತಗನ್ನಡಿಯನ್ನು ಬತ್ತಿಯ ಹತ್ತಿರ ತಂದಷ್ಟೂ ಬಿಂಬ ದೊಡ್ಡದಾಗುತ್ತದೆ, ಆದರೆ ಹಾಳೆಯನ್ನು ದೂರ ಒಯ್ಯಬೇಕಾಗುತ್ತದೆ. ಬಿಂಬ ಚಿಕ್ಕದು ಬೇಕಾದರೆ ಭೂತಗನ್ನಡಿಯನ್ನೇ ಬತ್ತಿಯಿಂದ ದೂರ ಹಿಡಿಯಬೇಕು. ಎರಡು ಕಡೆಯೂ ಬತ್ತಿಗೂ ಹಾಳೆಗೂ ನಡುವಿನ ಒಟ್ಟು ದೂರ ಜಾಸ್ತಿಯಾಗುತ್ತದೆ. ಬಿಂಬವೂ ಬತ್ತಿಯೂ ಒಂದೇ ಗಾತ್ರ ಇರುವ ಜಾಗದಲ್ಲಿ ಮಾತ್ರ ಆ ದೂರ ಅತಿ ಕಡಿಮೆ. ಅದು ಭೂತಗನ್ನಡಿಯ ಫೋಕಲ್ ಲೆಂತಿನ ಸರಿಯಾಗಿ ನಾಲ್ಕು ಪಟ್ಟು. ಬತ್ತಿಯನ್ನೂ ಹಾಳೆಯನ್ನೂ ಅದಕ್ಕಿಂತ ಹತ್ತಿರ ತಂದರೆ ಹಾಳೆಯ ಮೇಲೆ ಬಿಂಬವೇ ಮೂಡುವುದಿಲ್ಲ.

ನಮ್ಮ ಜೂಮ್ ಲೆನ್ಸಿನಲ್ಲಿ ಮುಂದಿನ ತಗ್ಗು ಗಾಜು ದೂರದ ದೃಶ್ಯದ ಒಂದು ಪುಟ್ಟ ಬಿಂಬವನ್ನು ತನ್ನ ಮುಂದೆ 50 ಮಿ.ಮೀ. ದೂರದಲ್ಲಿ ಮೂಡಿಸುತ್ತದೆ. ಅದು ಮಿಥ್ಯ ಬಿಂಬ. ಹಾಳೆಯ ಮೇಲೆ ಹಿಡಿಯಲು ಆಗದು, ಆದರೆ ಹಿಂದಿನ ಗಾಜಿಗೆ ಅದೇ ಮೇಣದ ಬತ್ತಿ. ಹಿಂದಿನ ಗಾಜು ಆ ಬತ್ತಿಯನ್ನು ಒಮ್ಮೆ 0.7 ಪಟ್ಟು, ಒಮ್ಮೆ 1 ಪಟ್ಟು, ಒಮ್ಮೆ 1.4 ಪಟ್ಟು ಮಾಡಿ ಸೆನ್ಸರ್ ಮೇಲೆ ಬೀಳಿಸುತ್ತದೆ. ನಡುವಿನ 1 ಪಟ್ಟಿನಲ್ಲಿ ಒಟ್ಟು ದೂರ ಕನಿಷ್ಠ. ಆದ್ದರಿಂದ ಮುಂದಿನ ಗಾಜು ಅಲ್ಲಿ ಅತಿ ಹೆಚ್ಚು ಒಳಗೆ ಹೋಗಿರುತ್ತದೆ. ಇದು ಬೆಳಕಿನ ನಿಯಮ. ಲೆನ್ಸ್ ಮಾಡುವವರು ಇದನ್ನು ದಾಟಲು ಆಗುವುದಿಲ್ಲ, ಇದರ ಜೊತೆಗೇ ಬಾಳಬೇಕು.

ಈ ವಿನ್ಯಾಸದಲ್ಲಿ ಇನ್ನೊಂದು ಅನುಕೂಲ ನೋಡಿ. ಫೋಕಲ್ ಲೆಂತ್ 35 ಇದ್ದಾಗಲೂ ಹಿಂದಿನ ಗಾಜು ಸೆನ್ಸರಿನಿಂದ 51 ಮಿ.ಮೀ. ದೂರ ಇದೆ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಕನ್ನಡಿ ಎದ್ದು ಬೀಳಬೇಕು. ಅದಕ್ಕೆ ಈ ಜಾಗ ಬೇಕೇ ಬೇಕಿತ್ತು. 1973ರಲ್ಲಿ ಕೆನಾನ್ ತಂದ 35-70 ಮಿ.ಮೀ. ಲೆನ್ಸ್ ಈ ಎರಡು ಗುಂಪಿನ ದಾರಿಯನ್ನೇ ಹಿಡಿದಿತ್ತು. ಇಲ್ಲಿ ನಾನು ಒಂದೊಂದು ಗಾಜು ಅಂದಿದ್ದನ್ನು ನಿಜದ ಲೆನ್ಸಿನಲ್ಲಿ ಹಲವು ಗಾಜುಗಳ ಗುಂಪು ಅಂತ ಓದಿಕೊಳ್ಳಿ. ಯಾಕೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಈಗ ಯಂತ್ರದ ಮಾತು. ಒಂದು ರಿಂಗ್ ತಿರುಗಿಸಿದರೆ ಒಂದು ಗುಂಪು ಸೀದಾ ಮುಂದೆ ಹೋಗಬೇಕು, ಇನ್ನೊಂದು ಹೋಗಿ ಬರಬೇಕು. ಇದನ್ನು ಮಾಡುವುದು ಕ್ಯಾಮ್. ಕೆಟ್ಟು ಮೂಲೆ ಸೇರಿದ್ದ ಒಂದು ಹಳೆಯ ಜೂಮ್ ಲೆನ್ಸನ್ನು ನಾನು ಒಮ್ಮೆ ಬಿಚ್ಚಿದೆ. ಹೊರಗಿನ ಕವಚ ತೆಗೆದರೆ ಒಳಗೆ ಲೋಹದ ಕೊಳವೆ. ಅದರ ಮೈಮೇಲೆ ಎರಡು ಬಗೆಯ ಸೀಳುಗಳು. ಒಂದು ಓರೆಯಾಗಿ ಸುತ್ತಿಕೊಂಡು ಹೋಗಿದೆ. ಇನ್ನೊಂದು ಬಿಲ್ಲಿನಂತೆ ಬಾಗಿದೆ. ಪ್ರತಿ ಸೀಳಿನಲ್ಲೂ ಒಂದು ಪುಟ್ಟ ಪಿನ್ ಓಡುತ್ತದೆ, ಆ ಪಿನ್ನಿಗೆ ಗಾಜಿನ ಗುಂಪು ಅಂಟಿಕೊಂಡಿದೆ. ಆ ಬಾಗಿದ ಸೀಳನ್ನು ನೋಡಿ ನಾನು ಬಹಳ ಹೊತ್ತು ಸುಮ್ನೆ ಕೂತಿದ್ದೆ. ಕಾಗದದ ಮೇಲಿನ ಲೆಕ್ಕ ಅಲ್ಲಿ ಲೋಹದಲ್ಲಿ ಕೊರೆದಿತ್ತು.

ಆ ಸೀಳು ಎಷ್ಟು ನಿಖರ ಇರಬೇಕು? ನಮ್ಮ ಉದಾಹರಣೆಯಲ್ಲಿ 70ರ ತುದಿಯಲ್ಲಿ ಮುಂದಿನ ಗುಂಪು ಒಂದು ಕೂದಲೆಳೆ ಜಾರಿದರೆ ಬಿಂಬ ಎರಡು ಎಳೆ ಜಾರುತ್ತದೆ. ಅಲ್ಲಿನ 1.4 ಪಟ್ಟನ್ನು ಅದರಿಂದಲೇ ಗುಣಿಸಿ, 1.96 ಬರುತ್ತದೆ. ಉದ್ದದ ದಿಕ್ಕಿನ ತಪ್ಪು ಯಾವಾಗಲೂ ಹೀಗೆ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಅಪರ್ಚರ್, ಅಂದರೆ ಬೆಳಕು ಬಿಡುವ ತೂತು, ಎಫ್ 4ರಲ್ಲಿದ್ದಾಗ, 4 ಮೈಕ್ರಾನ್ ಪಿಕ್ಸೆಲ್ ಇರುವ ಸೆನ್ಸರಿನಲ್ಲಿ, ಬಿಂಬ ಆಚೆ ಈಚೆ ಸುಮಾರು 16 ಮೈಕ್ರಾನ್ ಸರಿದರೆ ಮಸುಕು ಕಾಣಲು ಶುರುವಾಗುತ್ತದೆ. 16 ಮೈಕ್ರಾನ್ ಅಂದರೆ ಒಂದು ಮಿ.ಮೀ.ನ ಸುಮಾರು ಅರವತ್ತರಲ್ಲಿ ಒಂದು ಪಾಲು.

ಹಿಂದೆ ಮುಂದೆ ಸರಿದ ತಪ್ಪನ್ನು ಆಟೋಫೋಕಸ್ ತಿದ್ದುತ್ತದೆ. ಗುಂಪು ಓರೆಯಾದರೆ ಅಥವಾ ಪಕ್ಕಕ್ಕೆ ಸರಿದರೆ ತಿದ್ದಲು ಆಟೋಫೋಕಸ್‌ನಿಂದ ಆಗದು. ನಾನು ಆಸೆಪಟ್ಟು ಕೊಂಡ ಒಂದು ಜೂಮ್ ಲೆನ್ಸಿನಲ್ಲಿ ಉದ್ದನೆಯ ತುದಿಗೆ ಹೋದಾಗಲೆಲ್ಲ ಚಿತ್ರದ ಎಡಗಡೆ ಮಾತ್ರ ಮಸುಕು. ಉಳಿದ ಕಡೆ ಚೆನ್ನಾಗಿಯೇ ಇತ್ತು. ನನ್ನ ಕೈ ಅಲುಗಿತೋ ಏನೋ ಅಂತ ತಿಂಗಳುಗಟ್ಟಲೆ ಕೊರಗಿದೆ. ಕೊನೆಗೆ ಗೋಡೆಗೆ ಒಂದು ದಿನಪತ್ರಿಕೆ ಅಂಟಿಸಿ, ಟ್ರೈಪಾಡ್ ಮೇಲಿಟ್ಟು ತೆಗೆದಾಗ ಗೊತ್ತಾಯಿತು, ಒಳಗಿನ ಒಂದು ಗುಂಪು ಸರಿಯಾಗಿ ಕೂತಿರಲಿಲ್ಲ. ಹೊಸ ಲೆನ್ಸ್ ಕೊಂಡವರು ಮೊದಲ ವಾರದಲ್ಲೇ ಈ ಪರೀಕ್ಷೆ ಮಾಡಿಬಿಡಿ. ಜೂಮಿನ ಎರಡೂ ತುದಿಗಳಲ್ಲಿ ಮಾಡಿ.

ಸ್ವಲ್ಪ ಇತಿಹಾಸ. 1932ರಲ್ಲೇ ಸಿನಿಮಾ ಕ್ಯಾಮೆರಾಕ್ಕೆ 40-120 ಮಿ.ಮೀ. ಜೂಮ್ ಬಂದಿತ್ತು. ಬೆಲ್ ಅಂಡ್ ಹೊವೆಲ್ ಕುಕ್ ವಾರೋ ಅಂತ ಅದರ ಹೆಸರು. ಅದರಲ್ಲಿ ಕ್ಯಾಮ್‌ಗಳಿದ್ದವು. ಆದರೆ ಬಾಗಿದ ಸೀಳನ್ನು ನಿಖರವಾಗಿ ಕೊರೆಯುವುದು ಆ ಕಾಲಕ್ಕೆ ಕಷ್ಟದ, ದುಬಾರಿ ಕೆಲಸ. 1940ರ ದಶಕದಲ್ಲಿ ಫ್ರಾಂಕ್ ಬ್ಯಾಕ್ ತಮ್ಮ ಜೂಮಾರ್ ಲೆನ್ಸಿನಲ್ಲಿ ಬೇರೆ ದಾರಿ ಹಿಡಿದರು. ಫ್ರಾನ್ಸಿನಲ್ಲಿ ರೋಜೆ ಕುವಿಲಿಯೆ ಅವರ ಪ್ಯಾನ್ ಸಿನೋರ್ ಕೂಡ ಅದೇ ದಾರಿಯದು. ಚಲಿಸುವ ಗುಂಪುಗಳನ್ನೆಲ್ಲ ಒಂದೇ ಚೌಕಟ್ಟಿಗೆ ಬಿಗಿದುಬಿಟ್ಟರು. ಅವುಗಳ ನಡುವೆ ನಿಂತ ಗುಂಪುಗಳನ್ನು ಇಟ್ಟರು. ಚೌಕಟ್ಟು ಸೀದಾ ಹಿಂದೆ ಮುಂದೆ ಹೋದರೆ ಸಾಕು, ಬಾಗಿದ ಸೀಳೇ ಬೇಡ. ಗಾಜುಗಳ ಶಕ್ತಿಯನ್ನು ಹೊಂದಿಸಿ, ಬಿಂಬ ತನ್ನ ಜಾಗದಿಂದ ಹೆಚ್ಚು ಕದಲದಂತೆ ನೋಡಿಕೊಂಡರು.

ಹೆಚ್ಚು ಕದಲದಂತೆ ಅಂದೆ, ಗಮನಿಸಿ. ಈ ಉಪಾಯದಲ್ಲಿ ಬಿಂಬ ಸರಿಯಾಗಿ ಸೆನ್ಸರ್ ಮೇಲೆ, ಆಗಿನ ಕಾಲಕ್ಕೆ ಫಿಲ್ಮ್ ಮೇಲೆ, ಬೀಳುವುದು ಕೆಲವೇ ಜಾಗಗಳಲ್ಲಿ. ನಡುವೆ ಚೂರು ಆಚೆ, ಚೂರು ಈಚೆ ತೂಗಾಡುತ್ತದೆ. ಆ ತೂಗಾಟವನ್ನು ಕಣ್ಣಿಗೆ ಕಾಣದಷ್ಟು ಸಣ್ಣದು ಮಾಡುವುದೇ ಜಾಣತನ. 35 ಮಿ.ಮೀ. ಸ್ಟಿಲ್ ಕ್ಯಾಮೆರಾಕ್ಕೆ 1959ರಲ್ಲಿ ಬಂದ ಫಾಯ್ಗ್ಟ್‌ಲ್ಯಾಂಡರ್ ಜೂಮಾರ್ 36-82 ಮಿ.ಮೀ. ಎಫ್ 2.8 ಕೂಡ ಬ್ಯಾಕ್ ಅವರದೇ ವಿನ್ಯಾಸ. ಅಷ್ಟರಲ್ಲಿ ಪಿಯೆರ್ ಆಂಜೆನ್ಯೂ 1956ರಲ್ಲಿ ಕ್ಯಾಮ್ ಇರುವ 17-68 ಮಿ.ಮೀ. ಸಿನಿಮಾ ಜೂಮ್ ತಂದಿದ್ದರು. ಲೋಹ ಕೊರೆಯುವ ಯಂತ್ರಗಳು ಸುಧಾರಿಸಿದಂತೆ ಕ್ಯಾಮ್ ಗೆದ್ದಿತು. ನನಗೆ ಮಾತ್ರ ಆ ಸೋತ ಉಪಾಯದ ಮೇಲೆ ಇವತ್ತಿಗೂ ಪ್ರೀತಿ. ಯಂತ್ರಕ್ಕೆ ಆಗದ್ದನ್ನು ಗಾಜಿನ ಕೈಲೇ ಮಾಡಿಸಿದರಲ್ಲ!

ಇಷ್ಟು ಹೊತ್ತು ಹೇಳಿದ್ದು ಬಿಂಬದ ಗಾತ್ರ ಮತ್ತು ಜಾಗದ ಲೆಕ್ಕ. ಲೆನ್ಸ್ ವಿನ್ಯಾಸಕರ ನಿಜವಾದ ಕಷ್ಟ ಇನ್ನು ಮುಂದೆ ಶುರುವಾಗುತ್ತದೆ.

ಗಾಜು ಎಲ್ಲ ಬಣ್ಣಗಳನ್ನೂ ಒಂದೇ ಸಮನಾಗಿ ಬಾಗಿಸುವುದಿಲ್ಲ. ನೀಲಿಯನ್ನು ಚೂರು ಜಾಸ್ತಿ, ಕೆಂಪನ್ನು ಚೂರು ಕಡಿಮೆ. ಸಾಮಾನ್ಯ ಕ್ರೌನ್ ಗಾಜಿನ ಒಂದೇ ಮಸೂರದಿಂದ 50 ಮಿ.ಮೀ. ಲೆನ್ಸ್ ಮಾಡಿದರೆ ನೀಲಿ ಮತ್ತು ಕೆಂಪು ಬಿಂಬಗಳ ನಡುವೆ ಸುಮಾರು 0.8 ಮಿ.ಮೀ. ಅಂತರ ಬೀಳುತ್ತದೆ. 16 ಮೈಕ್ರಾನ್ ಸರಿದರೇ ಮಸುಕು ಅಂದೆನಲ್ಲ, ಇದು 800 ಮೈಕ್ರಾನ್! ಇದಕ್ಕೆ ಮದ್ದು ಹಳೆಯದು. ಕ್ರೌನ್ ಗಾಜಿನ ಉಬ್ಬು ಮಸೂರಕ್ಕೆ ಬಣ್ಣವನ್ನು ಇನ್ನೂ ಹೆಚ್ಚು ಚೆದುರಿಸುವ ಫ್ಲಿಂಟ್ ಗಾಜಿನ ತಗ್ಗು ಮಸೂರ ಜೋಡಿಸಿ ಒಂದರ ತಪ್ಪನ್ನು ಇನ್ನೊಂದರಿಂದ ಕಳೆಯುವುದು. ಜಾನ್ ಡಾಲಂಡ್ 1758ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು.

ಬಣ್ಣದ ತಪ್ಪು ಒಂದೇ ಅಲ್ಲ. ಅಂಚಿನಲ್ಲಿ ಹಾದ ಕಿರಣ ಒಂದು ಕಡೆ, ನಡುವೆ ಹಾದ ಕಿರಣ ಇನ್ನೊಂದು ಕಡೆ ಸೇರುತ್ತವೆ. ಮೂಲೆಯ ಚುಕ್ಕೆ ಬಾಲ ಬಿಟ್ಟ ಹಾಗೆ ಕಾಣುತ್ತದೆ. ಬಿಂಬ ಚಪ್ಪಟೆಯಾಗಿ ಬೀಳದೆ ಬಟ್ಟಲಿನಂತೆ ಬಾಗುತ್ತದೆ. ನೇರ ಗೆರೆ ಡೊಂಕಾಗುತ್ತದೆ. ಒಂದೇ ಫೋಕಲ್ ಲೆಂತಿನ ಪ್ರೈಮ್ ಲೆನ್ಸಿನಲ್ಲಿ ಈ ತಪ್ಪುಗಳನ್ನು ಇಡೀ ಲೆನ್ಸಿನಲ್ಲಿ ಹಂಚಿ ತಿದ್ದಬಹುದು. ಮೊದಲ ಗಾಜು ಮಾಡಿದ ತಪ್ಪನ್ನು ಆರನೆಯ ಗಾಜು ಸರಿಮಾಡಿದರೂ ನಡೆಯುತ್ತದೆ. ಅವುಗಳ ನಡುವಿನ ಅಂತರ ಬದಲಾಗುವುದೇ ಇಲ್ಲವಲ್ಲ.

ಜೂಮ್‌ನಲ್ಲಿ ಆ ಸಂಬಂಧವೇ ಕದಲುತ್ತಿರುತ್ತದೆ. 35ರಲ್ಲಿ ಕಿರಣಗಳು ಹಿಂದಿನ ಗುಂಪಿನ ಒಂದು ಎತ್ತರದಲ್ಲಿ ಹಾಯುತ್ತವೆ, 70ರಲ್ಲಿ ಇನ್ನೊಂದು ಎತ್ತರದಲ್ಲಿ. 35ರಲ್ಲಿ ಸರಿಯಾಗಿ ಕಳೆದುಹೋದ ತಪ್ಪು 70ರಲ್ಲಿ ಉಳಿದುಬಿಡುತ್ತದೆ. ಅದಕ್ಕೇ ಚಲಿಸುವ ಪ್ರತಿ ಗುಂಪೂ ತನ್ನ ಮನೆಯ ಕಸವನ್ನು ಆದಷ್ಟು ತಾನೇ ಗುಡಿಸಿಕೊಳ್ಳಬೇಕು. ಪಕ್ಕದ ಮನೆಯನ್ನು ಹೆಚ್ಚು ನಂಬುವ ಹಾಗಿಲ್ಲ. ಹೀಗಾಗಿ ಪ್ರತಿ ಗುಂಪಿನಲ್ಲೂ ಉಬ್ಬು ಗಾಜು, ತಗ್ಗು ಗಾಜು, ಎರಡು ಜಾತಿಯ ಗಾಜು ಬೇಕಾಗುತ್ತವೆ. ಒಂದೊಂದು ಗಾಜು ಅಂದದ್ದು ಗುಂಪಾಗುವುದು ಹೀಗೆ. ಜೂಮ್ ಲೆನ್ಸಿನಲ್ಲಿ 15, 20 ಗಾಜುಗಳು ಸೇರುವುದಕ್ಕೆ ಮುಖ್ಯ ಕಾರಣ ಇದೇ. ಇಡೀ ವಿಷಯದಲ್ಲಿ ನಿಮಗೆ ಒಂದೇ ಮಾತು ನೆನಪಿರುತ್ತದೆ ಅಂದರೆ ಇದು ಇರಲಿ ಅಂತ ನನ್ನ ಆಸೆ.

70-200 ಥರದ ಲೆನ್ಸುಗಳಲ್ಲಿ ಮುಂದಿನ ಗುಂಪು ಉಬ್ಬು ಜಾತಿಯದು. ಅದರ ಹಿಂದೆ ಬಲವಾದ ತಗ್ಗು ಗುಂಪು ಓಡಾಡಿ ಫೋಕಲ್ ಲೆಂತ್ ಬದಲಿಸುತ್ತದೆ. ಇನ್ನೊಂದು ಗುಂಪು ಬಿಂಬವನ್ನು ಜಾಗದಲ್ಲಿ ನಿಲ್ಲಿಸುತ್ತದೆ. ಕೊನೆಯ ಗುಂಪು ಸೆನ್ಸರಿಗೆ ತಲುಪಿಸುತ್ತದೆ. ಇಲ್ಲಿ ಮುಂದಿನ ಗುಂಪಿನಲ್ಲಿ ಉಳಿದ ಬಣ್ಣದ ತಪ್ಪು 70ರಲ್ಲಿ ಎಷ್ಟಿದೆಯೋ 200ರಲ್ಲಿ ಅದರ ಎಂಟು ಪಟ್ಟು ಆಗುತ್ತದೆ. ಮತ್ತೆ ಅದೇ ವರ್ಗದ ಲೆಕ್ಕ. 200ನ್ನು 70ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ದೂರದ್ದನ್ನು ಹತ್ತಿರ ತೋರಿಸುವ ದುಬಾರಿ ಟೆಲಿ ಜೂಮ್‌ಗಳಲ್ಲಿ ಬಣ್ಣ ಕಡಿಮೆ ಚೆದುರಿಸುವ ಫ್ಲೋರೈಟ್, ಇಡಿ ಗಾಜುಗಳನ್ನು ಮುಂದಿನ ಗುಂಪಿನಲ್ಲೇ ಹಾಕುವುದು ಇದಕ್ಕೇ. ಬಣ್ಣ ಎಷ್ಟು ಕಡಿಮೆ ಚೆದುರುತ್ತದೆ ಅಂತ ಅಳೆಯಲು ಅಬ್ಬೆ ಸಂಖ್ಯೆ ಅಂತ ಒಂದು ಇದೆ. ಸಾಮಾನ್ಯ ಕ್ರೌನ್ ಗಾಜಿಗೆ ಅದು 64, ಫ್ಲೋರೈಟಿಗೆ ಸುಮಾರು 95. ದೊಡ್ಡದಿದ್ದಷ್ಟೂ ಒಳ್ಳೆಯದು.

ಗಾಜು ಜಾಸ್ತಿಯಾದರೆ ಇನ್ನೊಂದು ತೊಂದರೆ ಬರುತ್ತದೆ. ಲೇಪನ ಇಲ್ಲದ ಗಾಜಿನ ಪ್ರತಿ ಮೇಲ್ಮೈ ಸುಮಾರು 4 ಶೇಕಡಾ ಬೆಳಕನ್ನು ವಾಪಸ್ ತಳ್ಳುತ್ತದೆ. ಬಿಡಿಬಿಡಿಯಾದ 15 ಗಾಜು ಅಂದರೆ 30 ಮೇಲ್ಮೈ. ಕೊನೆಗೆ ಸೆನ್ಸರಿಗೆ ತಲುಪುವುದು 29 ಶೇಕಡಾ ಮಾತ್ರ. ಹೋದ ಬೆಳಕು ಸುಮ್ನೆ ಹೋಗುವುದಿಲ್ಲ, ಒಳಗೇ ಪುಟಿದು ಚಿತ್ರದ ಮೇಲೆ ಮಂಜಿನಂತೆ ಕವಿಯುತ್ತದೆ. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿನ ಮೇಲೆ ತೆಳು ಲೇಪನ ಹಾಕಿ ಈ ಪ್ರತಿಫಲನ ತಗ್ಗಿಸುವ ವಿಧಾನ ಕಂಡುಹಿಡಿದರು. ಇವತ್ತಿನ ಹಲವು ಪದರಗಳ ಲೇಪನದಲ್ಲಿ ಒಂದು ಮೇಲ್ಮೈಯ ನಷ್ಟ ಅರ್ಧ ಶೇಕಡಾ ಅಂತ ಹಿಡಿದರೂ ಅದೇ 30 ಮೇಲ್ಮೈ ದಾಟಿ 86 ಶೇಕಡಾ ಬೆಳಕು ಬರುತ್ತದೆ. ಒಳ್ಳೆಯ ಲೇಪನ ಇಲ್ಲದಿದ್ದರೆ ಇಷ್ಟು ಗಾಜಿನ ಜೂಮ್‌ಗಳನ್ನು ಯಾರೂ ಕೈಗೆತ್ತಿಕೊಳ್ಳುತ್ತಿರಲಿಲ್ಲ.

ಕಿಟ್ ಲೆನ್ಸ್ ಮೇಲೆ 3.5-5.6 ಅಂತ ಎರಡು ಅಪರ್ಚರ್ ಅಂಕಿ ಯಾಕೆ ಅಂತ ಹಲವರು ಕೇಳುತ್ತಾರೆ. ನಮ್ಮ ಉದಾಹರಣೆಯಿಂದಲೇ ಉತ್ತರ ಸಿಗುತ್ತದೆ. ಅಪರ್ಚರ್ ಹಿಂದಿನ ಗುಂಪಿನ ಜೊತೆಗೇ ಸಾಗುತ್ತದೆ ಅಂದುಕೊಳ್ಳಿ. ಅದರ ತೂತು 18.2 ಮಿ.ಮೀ. ಅಗಲ. 35ರಲ್ಲಿ ಅದು ಸೆನ್ಸರಿನಿಂದ 51 ಮಿ.ಮೀ. ದೂರ. 51ನ್ನು 18.2ರಿಂದ ಭಾಗಿಸಿದರೆ 2.8. 70ರಲ್ಲಿ 72 ಮಿ.ಮೀ. ದೂರ. ಭಾಗಿಸಿದರೆ ಸುಮಾರು 4. ತೂತು ಅದೇ, ದೂರ ಹೆಚ್ಚಿತು, ಹಾಗಾಗಿ ಬೆಳಕು ತೆಳುವಾಯಿತು. 70-200 ಎಫ್ 2.8ರಂಥ ಲೆನ್ಸುಗಳಲ್ಲಿ ಅಪರ್ಚರ್ ಅನ್ನು ಕದಲದ ಹಿಂದಿನ ಗುಂಪಿನ ಬಳಿ ಇಟ್ಟು ಇದನ್ನು ತಪ್ಪಿಸುತ್ತಾರೆ. ಅದಕ್ಕೆ ಬೆಲೆ ಮುಂದಿನ ಗಾಜು ತೆರಬೇಕು. 200ನ್ನು 2.8ರಿಂದ ಭಾಗಿಸಿ, 71 ಮಿ.ಮೀ. ಅಷ್ಟು ಅಗಲದ ಬೆಳಕಿನ ಕಂಬ ಒಳಗೆ ಬರಬೇಕು. ಆ ಲೆನ್ಸುಗಳ ತೂಕ ಹೊತ್ತವರಿಗೇ ಗೊತ್ತು.

ಈಗಿನ ವಿನ್ಯಾಸಕರಿಗೆ ಕಂಪ್ಯೂಟರ್ ಇದೆ. ಐದು ಜೂಮ್ ಜಾಗ, ಚಿತ್ರದ ಐದು ಬಿಂದು, ಮೂರು ಬಣ್ಣ ಅಂದರೂ 75 ಸನ್ನಿವೇಶ. ಪ್ರತಿಯೊಂದರಲ್ಲೂ ನೂರಾರು ಕಿರಣಗಳನ್ನು 30 ಮೇಲ್ಮೈ ದಾಟಿಸಿ ಲೆಕ್ಕ ಮಾಡಬೇಕು. ಲಾಗರಿದಮ್ ಪುಸ್ತಕ ಹಿಡಿದು ಕೈಯಲ್ಲಿ ಮಾಡುತ್ತಿದ್ದ ಕಾಲವನ್ನು ನೆನೆದರೆ ಗೌರವ ಉಕ್ಕುತ್ತದೆ. ಆದರೂ ಯಾವ ಗುಂಪು ಎಲ್ಲಿ, ಎಷ್ಟು ಶಕ್ತಿಯದು ಅನ್ನುವ ಮೊದಲ ನಕ್ಷೆ ಮನುಷ್ಯನ ತಲೆಯಿಂದಲೇ ಬರಬೇಕು. ಆ ನಕ್ಷೆ ಕೆಟ್ಟದಾಗಿದ್ದರೆ ಕಂಪ್ಯೂಟರ್ ಅದನ್ನೇ ಅಷ್ಟಿಷ್ಟು ತೀಡುತ್ತಾ ಕೂರುತ್ತದೆ.

ಮಾತು ಮುಗಿಸುವ ಮುಂಚೆ ಸಭೆಯಿಂದ ಎರಡು ಪ್ರಶ್ನೆ ಬಂದವು.

ಒಬ್ಬರು ಕೇಳಿದರು: ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಡೊಂಕು ಗೆರೆಯನ್ನು ಸಾಫ್ಟ್‌ವೇರ್‌ನಲ್ಲೇ ನೇರ ಮಾಡುತ್ತವಲ್ಲ, ಅದು ಮೋಸ ಅಲ್ವಾ? ನನಗೆ ಹಾಗೆ ಅನ್ನಿಸುವುದಿಲ್ಲ. ಡೊಂಕು ಅಂದರೆ ಬಿಂಬದ ಚುಕ್ಕೆ ತಪ್ಪಾದ ಜಾಗದಲ್ಲಿ ಬಿದ್ದಿದೆ, ಅಷ್ಟೇ. ಅದನ್ನು ಅತ್ತಿತ್ತ ಸರಿಸಿ ತಿದ್ದಬಹುದು. ಮಸುಕಾದ ಚುಕ್ಕೆಯನ್ನು ಹಾಗೆ ತಿದ್ದಲು ಆಗುವುದಿಲ್ಲ. ಡೊಂಕಿನ ಹೊರೆಯನ್ನು ಸಾಫ್ಟ್‌ವೇರ್‌ಗೆ ಬಿಟ್ಟರೆ ವಿನ್ಯಾಸಕರು ಗಾಜನ್ನೆಲ್ಲ ಮಸುಕು ತೆಗೆಯಲು ಬಳಸಬಹುದು. ಮೂಲೆಗಳನ್ನು ಎಳೆದು ಹಿಗ್ಗಿಸಿದಾಗ ಸ್ವಲ್ಪ ವಿವರ ಹೋಗುವುದು ನಿಜ. ಲೆನ್ಸ್ ಪುಟ್ಟದಾಗಿ ಹಗುರಾಗುತ್ತದೆ ಅಂದರೆ ನಾನು ಆ ನಷ್ಟ ಒಪ್ಪುತ್ತೇನೆ.

ಇನ್ನೊಬ್ಬರು ಕೇಳಿದ್ದು ಫೋನಿನ ಬಗ್ಗೆ. ಹೆಚ್ಚಿನ ಫೋನುಗಳಲ್ಲಿ ಜೂಮ್ ಅನ್ನುವುದು ಎರಡು ಮೂರು ಬೇರೆ ಬೇರೆ ಲೆನ್ಸುಗಳ ನಡುವೆ ಜಿಗಿಯುವುದು, ನಡುವಿನದ್ದನ್ನು ಚಿತ್ರ ಕತ್ತರಿಸಿ ತುಂಬುವುದು. ಆದರೆ 2022ರ ಸೋನಿ ಎಕ್ಸ್‌ಪೀರಿಯಾ 1 ಮಾರ್ಕ್ 4 ಫೋನಿನಲ್ಲಿ 85-125 ಮಿ.ಮೀ.ಗೆ ಸಮನಾದ ನಿಜವಾದ ಜೂಮ್ ಇತ್ತು. ಬೆಳಕನ್ನು ಪಟ್ಟಕದಿಂದ ಅಡ್ಡಕ್ಕೆ ತಿರುಗಿಸಿ, ಫೋನಿನ ಅಗಲದ ಉದ್ದಕ್ಕೂ ಗಾಜಿನ ಗುಂಪುಗಳನ್ನು ಓಡಾಡಿಸುವ ಉಪಾಯ. ಫೋನಿನ ದಪ್ಪದಲ್ಲಿ ಆ ಓಡಾಟಕ್ಕೆ ಜಾಗವೇ ಇಲ್ಲ.

ಈಗ ಮತ್ತೆ ಮೇಜಿನ ಮೇಲಿನ ಲೆನ್ಸಿಗೆ ಬನ್ನಿ. ನಮ್ಮ ಲೆಕ್ಕದಲ್ಲಿ ಮುಂದಿನ ಗಾಜು ಅತಿ ಒಳಗೆ ಹೋಗಿದ್ದು 50ರಲ್ಲಿ. ಆ ಗಾಜಿನ ಸ್ವಂತ ಫೋಕಲ್ ಲೆಂತ್ ಕೂಡ ಮೈನಸ್ 50. ಇದು ಕಾಕತಾಳೀಯ ಅಲ್ಲ. ಹಿಂದಿನ ಗುಂಪು ಸರಿಯಾಗಿ 1 ಪಟ್ಟು ಮಾಡುವಾಗ ಒಟ್ಟು ಫೋಕಲ್ ಲೆಂತ್ ಮುಂದಿನ ಗುಂಪಿನದ್ದೇ ಆಗಿಬಿಡುತ್ತದೆ. ಆದ್ದರಿಂದ ಎರಡು ಗುಂಪಿನ ಜೂಮ್ ಆಗಿದ್ದರೆ, ಮುಂದಿನ ಗಾಜು ಒಳಗೆ ಹೋಗುವುದು ನಿಂತು ಹೊರಗೆ ತಿರುಗುವ ಜಾಗದಲ್ಲಿ ರಿಂಗ್ ಮೇಲಿನ ಅಂಕಿ ಓದಿ. ಲೆನ್ಸನ್ನು ಬಿಚ್ಚದೆಯೇ ಮುಂದಿನ ಗುಂಪಿನ ಫೋಕಲ್ ಲೆಂತ್ ನಿಮಗೆ ಸಿಕ್ಕಿತು. ಒಬ್ಬೊಬ್ಬರಾಗಿ ಬಂದು ತಿರುಗಿಸಿ ನೋಡಿ. ನನಗೆ ಸುಮಾರು 35 ಅಂತ ಬಂತು.